ಅತ್ತೆ ಕೊಟ್ಟ ಪಾತಿಯಲ್ಲಿ ಬೀಟ್‌ರೂಟ್

ಎಪ್ಪತ್ತೊಂಬತ್ತನೆಯ ಇಸವಿ, ಜನವರಿ ತಿಂಗಳು, ಸಂಕ್ರಾಂತಿಗೆ ಮುಂಚಿನ ಭಾನುವಾರ. ಬೆಳಿಗ್ಗೆ ಆರೂವರೆ. ಶ್ರೀನಿವಾಸಪುರದ ನಮ್ಮ ಮನೆಯ ಹಿತ್ತಿಲಲ್ಲಿ ಇದ್ದವರು ನಾನು, ನನ್ನ ಅತ್ತೆ, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ. ಖಾಲಾ ಇದ್ದದ್ದು ಗೋಡೆಯ ಆಚೆ, ಒಂದು ಕಲ್ಲಿನ ಮೇಲೆ ನಿಂತು, ಎರಡೂ ಮೊಣಕೈಗಳನ್ನು ಗೋಡೆಯ ಮೇಲೆ ಊರಿಕೊಂಡು. ಗಂಡಸರು ಯಲ್ದೂರು ಕಡೆಯ ಮಾವಿನ ತೋಟಕ್ಕೆ ಹೊರಟುಹೋಗಿದ್ದರು. ಅವತ್ತು ಬೀಟ್‌ರೂಟ್ ಕೀಳುವ ದಿನ.

ಮದುವೆಯಾಗಿ ಆ ಮನೆಗೆ ಬಂದು ನನಗೆ ಎಂಟು ತಿಂಗಳಾಗಿತ್ತು. ಅದಕ್ಕೆ ಮುಂಚೆ ಕೋಲಾರದ ಹಾಸ್ಟೆಲಿನಲ್ಲಿ ಏಳು ವರ್ಷ ಓದಿದ್ದೆ. ಅಲ್ಲಿ ಐದಕ್ಕೆ ಗಂಟೆ, ಐದೂಕಾಲಿಗೆ ಸ್ನಾನ, ಆರಕ್ಕೆ ಓದು. ಅತ್ತೆಯ ಮನೆಯಲ್ಲಿ ಗಂಟೆ ಹೊಡೆಯುವವರಿರಲಿಲ್ಲ. ಅಡುಗೆಮನೆ ಅತ್ತೆಯದು, ರೇಷ್ಮೆ ಹುಳು ಸಾಕುವ ನಡುಮನೆ ಮಾವನವರದು. ನನಗೆಂದು ಒಂದು ಕೆಲಸ ಬೇಕಾಗಿತ್ತು. ದೀಪಾವಳಿಗೆ ಮುಂಚೆ ಒಂದು ದಿನ, ಹಿತ್ತಿಲಲ್ಲಿ ಒಂದು ಪಾತಿ ಕೊಡಿ ಎಂದು ಕೇಳಿದೆ.

"ಏನ್ ಹಾಕ್ತೀಯ?" ಅಂದರು ಅತ್ತೆ.

"ಬೀಟ್‌ರೂಟು."

"ಅಯ್ಯೋ ದೇವುಡಾ! ಹೆಚ್ಚಿದ್ರೆ ಅಡುಗೆಮನೆಲಿ ಕೊಲೆ ಆದಂಗಿರ್ತದೆ. ಸರಿ, ತಗೋ. ಸಂಕ್ರಾಂತಿ ಒಳಗೆ ಮುಷ್ಟಿ ಗಾತ್ರದ ಗೆಡ್ಡೆ ತೋರಿಸ್ಬೇಕು. ಇಲ್ದಿದ್ರೆ ನನ್ನ ಜಾಗ ನನಗೆ. ಕೊತ್ತಂಬರಿ ಚೆಲ್ತೀನಿ."

ನಾನು ಒಪ್ಪಿದೆ. ಆ ಮನೆಯಲ್ಲಿ ನನ್ನದು ಎನ್ನಬಹುದಾದ ಮೊದಲ ಜಾಗ ಅದು. ಆರು ಅಡಿ ಉದ್ದ, ಮೂರು ಅಡಿ ಅಗಲ. ಕೈ ತಪ್ಪಿಹೋದರೆ ಮತ್ತೆ ಕೇಳುವ ಮುಖ ನನಗಿರಲಿಲ್ಲ.

ದೀಪಾವಳಿಯ ಮರುವಾರ ಬೀಜ ಹಾಕಿದೆ. ಶಾಲೆಯ ಮರದ ಸ್ಕೇಲ್ ಹಿಡಿದು, ನಾಲ್ಕು ಅಂಗುಲಕ್ಕೆ ಒಂದರಂತೆ ಗುಳಿ ಮಾಡಿ, ಗುಳಿಗೊಂದು ಬೀಜ. ಬೀಟ್‌ರೂಟಿನ ಬೀಜ ನೋಡಲು ಒಂದೇ ಆದರೂ ಒಳಗೆ ಮೂರು ನಾಲ್ಕು ಬೀಜ ಒಟ್ಟಿಗೆ ಅಂಟಿಕೊಂಡಿರುತ್ತವೆ. ಹಾಗಾಗಿ ಪ್ರತಿ ಗುಳಿಯಲ್ಲೂ ಒಂದು ಗುಂಪೇ ಮೇಲೆದ್ದಿತು. ಗಟ್ಟಿಯಾದ ಒಂದನ್ನು ಉಳಿಸಿ ಮಿಕ್ಕವನ್ನು ಕಿತ್ತು ಬುಟ್ಟಿಗೆ ಹಾಕಿದೆ. ಅತ್ತೆ ನೋಡುತ್ತಾ ನಿಂತಿದ್ದರು.

"ಮೊಳೆತಿದ್ದನ್ನ ಹಂಗೆ ಕಿತ್ತು ಎಸೀತಾರೇನೇ? ನಾವು ರಾಗಿ ಪೈರು ಕಿತ್ರೆ ಇನ್ನೊಂದು ಕಡೆ ನೆಡ್ತೀವಿ."

"ಇದು ರಾಗಿ ಅಲ್ಲ ಅತ್ತೆ," ಅಂದೆ. ಅತ್ತೆ ಬುಟ್ಟಿ ಎತ್ತಿಕೊಂಡು ಹೋದರು. ಎಮ್ಮೆಗೆ ಹಾಕುತ್ತಾರೆ ಎಂದುಕೊಂಡೆ.

ಆಮೇಲಿನ ಆರೈಕೆ ಪೂರ್ತಿ ವೇಳಾಪಟ್ಟಿಯಂತೆ. ಬೆಳಿಗ್ಗೆ ಆರೂಕಾಲಿಗೆ ನೀರು, ಗುರುವಾರ ಕಳೆ, ಸೋಮವಾರ ಗೊಬ್ಬರ. ಗೊಬ್ಬರಕ್ಕೆ ನಮ್ಮ ಮನೆಯಲ್ಲಿ ಬರವಿರಲಿಲ್ಲ. ಹುಳುವಿನ ತಟ್ಟೆಗಳನ್ನು ಕೊಡವಿದರೆ ಬುಟ್ಟಿಗಟ್ಟಲೆ ಹಿಕ್ಕೆ ಬೀಳುತ್ತಿತ್ತು. ಕಪ್ಪು ಸಾಸಿವೆಯಂಥ ಆ ಹಿಕ್ಕೆ ಹಾಕಿದ್ದಕ್ಕೇ ನಮ್ಮ ಹಿಪ್ಪುನೇರಳೆ ಸೊಪ್ಪು ಅಂಗೈ ಅಗಲ ಬರುತ್ತಿತ್ತು. ನಾನೂ ಸೋಮವಾರಕ್ಕೊಂದು ಬುಟ್ಟಿ ತಪ್ಪದೆ ಹಾಕಿದೆ. ಡಿಸೆಂಬರಿನಲ್ಲಿ ಗಿಡ ಮೊಣಕಾಲು ಮುಟ್ಟಿತು. ಕೆಂಪು ದಂಟು, ಮಿರಿಮಿರಿ ಮಿಂಚುವ ಎಲೆ. ಖಾಲಾ ಗೋಡೆಯ ಆಚೆಯಿಂದ ದಿನಾ ಹೊಗಳುತ್ತಿದ್ದರು. ನನಗೆ ಗೆದ್ದೇಬಿಟ್ಟಷ್ಟು ಧೈರ್ಯ.

ಅಂದು ಮೊದಲನೆಯ ಸಾಲಿನ ಮೊದಲನೆಯ ಗಿಡದ ಜುಟ್ಟು ಹಿಡಿದು ಎಳೆದೆ. ಸಲೀಸಾಗಿ ಬಂದಿತು. ಕೆಳಗೆ ನೋಡಿದರೆ ಗೆಡ್ಡೆಯ ಜಾಗದಲ್ಲಿ ಇಲಿಯ ಬಾಲದಂಥ ಬೇರು.

ಎರಡನೆಯದೂ ಹಾಗೆಯೇ. ಮೂರನೆಯದು ಬೆಟ್ಟದ ನೆಲ್ಲಿಕಾಯಿಯಷ್ಟಿತ್ತು. ಒಂದು ಸಾಲು ಮುಗಿಯಿತು. ಮುಖ ಬಗ್ಗಿಸಿಕೊಂಡೇ ಎರಡನೆಯ ಸಾಲಿಗೆ ಹೋದೆ. ಅಲ್ಲಿಯೂ ಬಾಲಗಳೇ.

ಅತ್ತೆ ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಬಚ್ಚಲಮನೆಗೆ ಬೆನ್ನು ಕೊಟ್ಟು, ಸೆರಗನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು.

"ಅಕ್ಕಾ," ಎಂದು ಖಾಲಾ ಗೋಡೆಯ ಮೇಲಿಂದ ಕೂಗಿದರು, "ಬಚ್ಚಲ ಹಿಂದೆ ಇರೋದನ್ನೂ ತೋರ್ಸು ಮಗೂಗೆ."

"ನೀನು ಬಾಯ್ ಮುಚ್ಕೊಂಡಿರಮ್ಮ."

"ಯಾಕೆ ಮುಚ್ಲಿ? ದಿನಾ ಇಲ್ಲಿಂದ ನೋಡ್ತಾ ಇಲ್ವಾ ನಾನು? ಹೋಗು ಬೇಟಿ, ಹೋಗಿ ನೋಡು."

ಬಚ್ಚಲ ಹಿಂಭಾಗ ಅತ್ತೆಯ ರಾಜ್ಯ. ಹಂಡೆ ಒಲೆಯ ಬೂದಿಯನ್ನು ಅಲ್ಲಿಯೇ ಸುರಿಯುತ್ತಿದ್ದರು, ಸ್ನಾನದ ನೀರು ಹರಿದು ಹೋಗುತ್ತಿದ್ದದ್ದೂ ಅಲ್ಲಿಯೇ. ನನಗೆ ಅತ್ತ ಕೆಲಸವಿರಲಿಲ್ಲ. ಹೋಗಿ ನೋಡಿದೆ. ಕಾಲುವೆಯ ಅಂಚಿನಲ್ಲಿ, ಬೂದಿ ಬೆರೆತ ಮಣ್ಣಿನಲ್ಲಿ, ಸಾಲಿಲ್ಲ ಅಳತೆಯಿಲ್ಲ, ಒಂಬತ್ತು ಗಿಡ. ಎಲೆ ಮೊಣಕಾಲಿನ ಅರ್ಧಕ್ಕೂ ಬಂದಿರಲಿಲ್ಲ. ಆದರೆ ಬುಡದಲ್ಲಿ ಒಂದೊಂದೂ ಮಣ್ಣನ್ನು ಸರಿಸಿ ಕೆಂಪು ಭುಜ ಹೊರಗೆ ಹಾಕಿ ಕೂತಿತ್ತು. ಒಂದನ್ನು ಕಿತ್ತೆ. ನನ್ನ ಮುಷ್ಟಿಗಿಂತ ದೊಡ್ಡದು. ಬುಡ ಕವಲೊಡೆದು ಕಚ್ಚೆಪಂಚೆ ಉಟ್ಟ ಗಂಡಸಿನಂತಿತ್ತು.

"ನಾನು ಕಿತ್ತು ಹಾಕಿದ ಪೈರಾ ಇದು?"

"ಮತ್ತೇನು, ಎಸೆಯಕ್ಕೆ ಮನಸ್ಸು ಬರ್ಲಿಲ್ಲ," ಅಂದರು ಅತ್ತೆ. "ನೆಟ್ಟೆ. ಅಷ್ಟೇ. ನೀರೂ ಹಾಕ್ಲಿಲ್ಲ, ಗೊಬ್ಬರಾನೂ ಹಾಕ್ಲಿಲ್ಲ."

"ನಾನು ವಾರ ವಾರ ಹಿಕ್ಕೆ ಹಾಕಿದ್ದಕ್ಕೆ ಬಾಲ ಬಂತಲ್ಲ!"

"ಅಲ್ಲ ಕಣೇ, ಹಿಪ್ಪುನೇರಳೆಗೆ ಹಿಕ್ಕೆ ಯಾಕೆ ಹಾಕ್ತೀವಿ? ಎಲೆ ಬೇಕು ಅಂತ. ನಿನ್ನ ಗಿಡಾನೂ ಎಲೇನೇ ಕೊಡ್ತು. ದಿನಾ ಬಾಯಿಗೆ ತುತ್ತಿಟ್ರೆ ಅದು ಕೆಳಗೆ ಯಾಕೆ ಕೂಡಿಡ್ತದೆ? ಗೆಡ್ಡೆ ಬೇಕಂದ್ರೆ ಬೂದಿ ಹಾಕ್ಬೇಕು."

"ಮುಂಚೇನೇ ಹೇಳ್ಬಾರ್ದಾಗಿತ್ತಾ ಅತ್ತೆ?"

"ಕೇಳಿದ್ಯಾ? ಕೈಲಿ ಸ್ಕೇಲ್ ಹಿಡ್ಕೊಂಡಿದ್ದೆ. ಹತ್ರ ಬರಕ್ಕೇ ಭಯ ಆಯ್ತು ನನಗೆ."

ಖಾಲಾ ಗೋಡೆ ಹಿಡಿದುಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಆದರೂ ಪಾತಿಯ ಮಾತು ಉಳಿದೇ ಇತ್ತು. ನಾನೇ ಕೇಳಿದೆ. "ಹಾಗಾದ್ರೆ ಕೊತ್ತಂಬರಿ ಚೆಲ್ತೀರಾ?"

ಅತ್ತೆ ಖಾಲಾ ಕಡೆ ನೋಡಿದರು. "ನೀನೇ ಹೇಳು, ಸೋತಿದ್ದು ಯಾರು?"

"ಬೀಜ ಅವಳ್ದು, ಬೂದಿ ನಿಂದು," ಅಂದರು ಖಾಲಾ. "ಮುಷ್ಟಿ ಗಾತ್ರ ಬೇಕು ಅಂದೆ, ಬಂತು. ಎಲ್ಲಿ ಬರ್ಬೇಕು ಅಂತ ನೀನು ಹೇಳಿರ್ಲಿಲ್ಲ ಅಕ್ಕಾ. ನಾನು ಗೋಡೆ ಮೇಲೇ ಇದ್ದೆ ಅವತ್ತು."

ಅತ್ತೆ ಹತ್ತಿರ ಬಂದರು. ಆ ಗೆಡ್ಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಣ್ಣು ಒರೆಸಿ, ತಿರುಗಿಸಿ ನೋಡಿದರು. ಅವರ ಮುಖದಲ್ಲಿದ್ದ ಸಂತೋಷ ಮುಚ್ಚಿಡುವಂಥದ್ದಾಗಿರಲಿಲ್ಲ.

"ಇಟ್ಕೋ ನಿನ್ನ ಪಾತಿ. ಬೂದಿ ಮಾತ್ರ ನಾನೇ ಹಾಕ್ತೀನಿ. ಆ ಸೋಮವಾರದ ಬುಟ್ಟಿ ಆ ಕಡೆ ತಲೆ ಹಾಕ್ಕೂಡ್ದು."

ಎಂಟು ಗಂಟೆಗೆ ಒಂಬತ್ತೂ ಗೆಡ್ಡೆ ಕಿತ್ತಾಯಿತು. ಎರಡನ್ನು ಖಾಲಾ ಗೋಡೆಯ ಮೇಲಿಂದಲೇ ಇಸಕೊಂಡರು. ನನ್ನ ಪಾತಿಯ ಎಲೆ ವ್ಯರ್ಥವಾಗಲಿಲ್ಲ. ಬೇಳೆಯ ಜೊತೆ ಬೇಯಿಸಿ ಮಸ್ಸೊಪ್ಪು ಮಾಡಿದೆವು, ಬಿಸಿ ಮುದ್ದೆಗೆ ಬಹಳ ಚೆನ್ನಾಗಿತ್ತು. ಗೆಡ್ಡೆಯ ಪಲ್ಯಕ್ಕೆ ಹೆಚ್ಚಿದ್ದು ಅತ್ತೆಯೇ. ಮೊಣಕೈವರೆಗೆ ಕೆಂಪಾದ ಕೈಯನ್ನು ಊಟಕ್ಕೆ ಬಂದ ಮಾವನವರ ಮುಂದೆ ಹಿಡಿದು, "ನೋಡಿ, ನಾನೇ ಬೆಳೆದಿದ್ದು" ಅಂದರು. ನಾನು ಮಾವನವರ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿದೆ.

ಮಧ್ಯಾಹ್ನ ಪೊಟ್ಟಣದಲ್ಲಿ ಉಳಿದಿದ್ದ ಬೀಜವನ್ನು ನೀರಿನಲ್ಲಿ ನೆನೆಹಾಕಿದೆ. ನಾಲ್ಕೂವರೆಗೆ ಪಾತಿ ಅಗೆದು, ಹಿಕ್ಕೆ ತುಂಬಿದ್ದ ಮೇಲ್ಮಣ್ಣನ್ನು ಹಿಪ್ಪುನೇರಳೆಯ ಬುಡಕ್ಕೆ ಸಾಗಿಸಿದೆ. ಅತ್ತೆ ಬೂದಿಯನ್ನು ಜರಡಿ ಹಿಡಿದು, ಇದ್ದಿಲ ಚೂರು ಆರಿಸಿ ತೆಗೆದು, ಪಾತಿಯ ಮೇಲೆ ರಂಗೋಲಿ ಪುಡಿಯಂತೆ ಉದುರಿಸಿದರು. ಗುಳಿಯನ್ನು ಸ್ಕೇಲಿನಿಂದ ಅಳೆದವಳು ನಾನು, ಬೀಜ ಹಾಕಿದವರು ಅವರು. ಐದೂಮುಕ್ಕಾಲಿಗೆ ಕೊನೆಯ ಚೊಂಬು ನೀರು ಚಿಮುಕಿಸಿ, ಸ್ಕೇಲ್ ತೊಳೆದು, ಒರೆಸಿ, ಕಿಟಕಿಯಲ್ಲಿ ಅದರ ಜಾಗದಲ್ಲಿ ಇಟ್ಟೆ.