ಟಾಕೀಸಿನ ಹೆಂಗಸರ ಗೇಟು

ಮೊನ್ನೆ ಭಾನುವಾರ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಬೇಳೆ ಆರಿಸುತ್ತಿದ್ದೆ. ಮೈದುನ ವೀರೇಶ ನಾಲ್ಕು ಹಾಳೆ ಹಿಡಿದುಕೊಂಡು ಬಂದು ಎದುರಿಗೆ ಕುಳಿತ. ಅವನು ಹೈಸ್ಕೂಲಿನಲ್ಲಿ ಮೇಷ್ಟ್ರು. ಶಾಲೆಯ ಸ್ಮರಣ ಸಂಚಿಕೆಗೆ ಕೊಟ್ಟೂರಿನ ಹಳೆಯ ಸಂಗತಿಗಳ ಮೇಲೆ ಲೇಖನ ಬರೆಯುವುದು ಅವನ ಪಾಲಿಗೆ ಬಂದಿತ್ತು. ಏನೇ ಬರೆದರೂ ಮೊದಲು ನನಗೆ ಓದಿ ಹೇಳುವುದು ಅವನ ರೂಢಿ. ನಾನು ಹತ್ತನೆಯ ಕ್ಲಾಸು ದಾಟದವಳು. ನನಗೆ ತಿಳಿದರೆ ಊರಿಗೆಲ್ಲ ತಿಳಿದಂತೆ ಎಂದು ಅವನ ಎಣಿಕೆ. ಅದಕ್ಕೆ ನನಗೇನೂ ಬೇಸರವಿಲ್ಲ ಬಿಡಿ.

ಹಳೆಯ ಬಾವಿ, ಹಳೆಯ ಅಂಚೆ ಕಚೇರಿ ಎಲ್ಲ ಮುಗಿದ ಮೇಲೆ ಟಾಕೀಸಿನ ಪುಟ ಬಂತು. 'ಟಿ.ವಿ. ಧಾರಾವಾಹಿಗಳ ಮೋಹಕ್ಕೆ ಸಿಲುಕಿದ ಮಹಿಳೆಯರು ಚಿತ್ರಮಂದಿರದತ್ತ ಸುಳಿಯದಾದ ಕಾರಣ ಅದು ಬಾಗಿಲು ಮುಚ್ಚಿತು' ಎಂದು ರಾಗವಾಗಿ ಓದಿದ.

ನನ್ನ ಕೈ ಮೊರದಲ್ಲೇ ನಿಂತಿತು.

"ಇನ್ನೊಮ್ಮೆ ಓದು" ಎಂದೆ.

ಮೆಚ್ಚಿಕೊಂಡು ಕೇಳುತ್ತಿದ್ದೇನೆ ಅಂದುಕೊಂಡನೋ ಏನೋ, ಇನ್ನೂ ರಾಗವಾಗಿ ಓದಿದ.

"ಇದನ್ನ ನಿನಗ ಯಾರು ಹೇಳಿದ್ರು?"

"ಯಾರ್ಯಾಕ ಹೇಳ್ಬೇಕು ಅತ್ತಿಗಿ? ಊರಿಗೆಲ್ಲ ಗೊತ್ತಿರೋದೈತಿ."

ಊರಿಗೆಲ್ಲ! ಆ ಊರಿನೊಳಗೆ ನಾನು ಇಲ್ಲವೇ? ಮೈಯೆಲ್ಲ ಉರಿದುಹೋಯಿತು. ಬೇಳೆಯಲ್ಲಿ ಕಲ್ಲು ಯಾವುದು ಕಾಳು ಯಾವುದು ಕಾಣದಾಯಿತು. ಅವತ್ತು ರಾತ್ರಿ ಸಾರು ಉಣ್ಣುವಾಗ ನಮ್ಮ ಮನೆಯವರಿಗೆ ಎರಡು ಸಲ ಕಲ್ಲು ಸಿಕ್ಕಿತು. ಅವರು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು. ನನ್ನ ಮುಖ ನೋಡಿದವರು ಬೇರೇನು ಮಾಡಿಯಾರು?

ನೀವೇ ಹೇಳಿ, ಆ ಕಾಲದಲ್ಲಿ ನಮ್ಮ ಓಣಿಯಲ್ಲಿ ಇದ್ದದ್ದು ಎರಡೇ ಎರಡು ಟಿ.ವಿ. ತೊಂಬತ್ತರ ದಶಕದ ಮಾತು ಇದು. ಮಧ್ಯಾಹ್ನ ಕರೆಂಟು ಹೋದರೆ ಹೊತ್ತು ಮುಳುಗುವಾಗ ಬರುತ್ತಿತ್ತು. ನಾನು ಇಂಥವನ್ನೆಲ್ಲ ಮರೆಯುವವಳಲ್ಲ. ಕರೆಂಟು ಬರುವುದನ್ನು ನೋಡಿಕೊಂಡೇ ಹಿಟ್ಟಿನ ಗಿರಣಿಗೆ ಡಬ್ಬಿ ಹೊರುತ್ತಿದ್ದವಳು ನಾನು. ಕರೆಂಟಿಲ್ಲದ ಮಧ್ಯಾಹ್ನಗಳಲ್ಲಿ ಯಾವ ಧಾರಾವಾಹಿಯ ಮೋಹಕ್ಕೆ ಸಿಲುಕಿದೆವಂತೆ ನಾವು? ಜನರೇಟರ್ ಇದ್ದದ್ದು ಟಾಕೀಸಿನಲ್ಲಿ. ಊರೆಲ್ಲ ಸೆಕೆಯಲ್ಲಿ ಬೇಯುವಾಗ ಅದೊಂದು ಕಡೆ ಫ್ಯಾನು ತಿರುಗುತ್ತಿತ್ತು.

ಟಾಕೀಸಿಗೆ ದೇವರ ಹೆಸರಿತ್ತು, ಬೋರ್ಡೂ ಇತ್ತು. ಆದರೆ ಆ ಹೆಸರಿನಿಂದ ಅದನ್ನು ಕರೆದವರನ್ನು ನಾನು ಕಾಣೆ. ತಗಡಿನ ಮಾಡು, ಒಳಗೆ ಉದ್ದಕ್ಕೂ ಎದೆಮಟ್ಟದ ಒಂದು ಗೋಡೆ. ಗೋಡೆಯ ಆಚೆ ಗಂಡಸರು, ಈಚೆ ನಾವು. ಗಂಡಸರ ಗೇಟು ದೊಡ್ಡ ಬೀದಿಗೆ. ಬೀಡಿ ಅಂಗಡಿ, ಚಹಾದ ಹೋಟೆಲು ಎಲ್ಲ ಆ ಕಡೆ. ಹೆಂಗಸರ ಗೇಟು ಹಿಂದಿನ ಸಂದಿಗೆ. ಮನೆಯಿಂದ ಸೆರಗು ಹೊದ್ದು ಹೊರಟರೆ ಆ ಸಂದಿಯಲ್ಲೇ ನಡೆದು ಒಳಗೆ ಹೋಗಿ ಕೂರಬಹುದಿತ್ತು. ಗಂಡ ಬೇಕಿಲ್ಲ, ಮೈದುನ ಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಅತ್ತೆ ಒಬ್ಬರನ್ನು ಕೇಳಬೇಕಿತ್ತು. ಅವರು ನನಗಿಂತ ಮೊದಲೇ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಿರುತ್ತಿದ್ದರು. ಕಣ್ಣು ಮಂದ ಎಂದು ಅವರು ಎಲ್ಲರಿಗಿಂತ ಮುಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದರು. ಆ ಮೂರು ತಾಸು ನನಗೂ ಅತ್ತೆ ಇಲ್ಲ, ಅವರಿಗೂ ಸೊಸೆ ಇಲ್ಲ.

ಆ ಗೇಟಿನ ಒಡತಿ ಮಾಬಮ್ಮ. ಸೈಕಲ್ ರಿಪೇರಿಯವನ ಹೆಂಡತಿ. ಗಂಡ ತೀರಿಹೋದ ಮೇಲೆ ಟಾಕೀಸಿನ ಮಾಲೀಕರು, ದೊಡ್ಡ ಸಾವ್ಕಾರರು, ಕರೆದು ಈ ಕೆಲಸ ಕೊಟ್ಟಿದ್ದರಂತೆ. ಟಿಕೇಟು ಹರಿಯುವುದಷ್ಟೇ ಅವಳ ಕೆಲಸ. ಆದರೆ ಅವಳು ಮಾಡುತ್ತಿದ್ದದ್ದು ಬೇರೆ. ಹೆಂಗಸರ ಭಾಗದ ಹಿಂದೆ ಮಾಡಿಗೆ ಆಧಾರವಾಗಿ ಒಂದು ಕಬ್ಬಿಣದ ಪೈಪು ಅಡ್ಡಲಾಗಿ ಹೋಗಿತ್ತು. ಎಳೆಮಕ್ಕಳ ತಾಯಂದಿರು ಬರುವಾಗ ಹಳೆಯ ಸೀರೆಯೊಂದನ್ನು ಬಗಲಲ್ಲಿಟ್ಟುಕೊಂಡು ಬರಬೇಕು. ಅದನ್ನು ಆ ಪೈಪಿಗೆ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದಳು. ಸಂತೆಯ ದಿನವಾದರೆ ಐದಾರು ಜೋಲಿ ಸಾಲಾಗಿ ತೂಗುತ್ತಿದ್ದವು. ಎಲ್ಲಕ್ಕೂ ಒಂದೇ ಹಗ್ಗ ಪೋಣಿಸಿ ಅದರ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಕೂತರೆ ಮುಗಿಯಿತು. ಕಾಲು ಆಡಿಸಿದಳೆಂದರೆ ಊರಿನ ಕೂಸುಗಳೆಲ್ಲ ಒಟ್ಟಿಗೆ ತೂಗಾಡಬೇಕು. ಟಾಕೀಸಿನ ವಾಸನೆ ಎಂದರೆ ಜನ ಬೀಡಿ, ಶೇಂಗಾ ಸಿಪ್ಪೆ ಎನ್ನುತ್ತಾರೆ. ನನ್ನ ನೆನಪಿನಲ್ಲಿ ಅದು ಹಾಲು ಕಕ್ಕಿದ ಹಳೆಯ ಸೀರೆಯ ವಾಸನೆ.

ಕೂಸು ಎಚ್ಚರಾದರೆ ಮಾಬಮ್ಮ ಕತ್ತಲಲ್ಲೇ ಕೂಗುತ್ತಿದ್ದಳು. ಹೆಸರು ಹಿಡಿದು ಕರೆಯುವಂತಿಲ್ಲ, ಗೋಡೆಯಾಚೆ ಗಂಡಸರಿದ್ದಾರೆ. ಹಾಗಾಗಿ ನಾವೆಲ್ಲ ಅವಳಿಗೆ ನಮ್ಮ ನಮ್ಮ ತವರೂರು. "ಏ ಅರಸೀಕೆರಿಯಾಕಿ, ನಿನ್ ಮಗಳು ಎದ್ದಾಳ!" "ಕೂಡ್ಲಿಗಿಯಾಕಿ, ಬಾರವ್ವ, ನಿಂದು ತೋಯಿಸಿಕೊಂಡೈತಿ!" ತೆರೆಯ ಮೇಲೆ ಯಾರೋ ಸಾಯುತ್ತಿರಲಿ, ಯಾರಿಗೋ ಮದುವೆಯಾಗುತ್ತಿರಲಿ, ಅವಳ ಕೂಗು ನಿಲ್ಲುತ್ತಿರಲಿಲ್ಲ. ಗೋಡೆಯಾಚೆಯಿಂದ ಯಾರಾದರೂ "ಸುಮ್ನಿರಬೇ" ಎಂದರೆ, "ನೀನೂ ಹಿಂಗ ಅತ್ತೇ ದೊಡ್ಡಾವಾಗಿಯಲೋ" ಎಂದು ತಿರುಗಿ ಬೀಳುತ್ತಿದ್ದಳು. ಅರ್ಧ ಟಾಕೀಸು ನಗುತ್ತಿತ್ತು.

ನಾನು ಮಾಗಳದವಳು. ತುಂಗಭದ್ರೆಯ ದಂಡೆಯಿಂದ ಬಂದು ಈ ಊರಿನ ಸವುಳು ನೀರಿಗೆ ಹೊಂದಿಕೊಳ್ಳಲು ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಮಗಳು ಹುಟ್ಟಿದ್ದಳು. ಒಂದು ಮಧ್ಯಾಹ್ನ ಸಿನಿಮಾ ಒಳ್ಳೇ ಬಿಕ್ಕಟ್ಟಿನಲ್ಲಿತ್ತು. ಇಂಟರ್‌ವಲ್ಲಿಗೆ ಇನ್ನೈದು ನಿಮಿಷವಿರಬೇಕು. "ಮಾಗಳದಾಕಿ, ನಿನ್ ಕೂಸು!" ಎಂದು ಕೂಗು ಬಂತು. ತೆರೆಯ ಮೇಲಿನ ಕಣ್ಣು ಕೀಳದೆ, ಸಿಕ್ಕವರ ಕಾಲು ತುಳಿಯುತ್ತ ಹಿಂದಕ್ಕೆ ಹೋದೆ. ಅಳುತ್ತಿದ್ದ ಜೋಲಿಯಿಂದ ಕೂಸನ್ನು ಎತ್ತಿಕೊಂಡು ಕಂಬಕ್ಕೆ ಒರಗಿ ನಿಂತೇ ಮೊಲೆ ಕೊಟ್ಟೆ. ಎಂದಿಲ್ಲದ ಹಾಗೆ ಗಟಗಟ ಕುಡಿಯಿತು. ಹಸಿವು ಹೆಚ್ಚಿದೆ, ಮೈ ಕೈ ತುಂಬಿಕೊಳ್ಳುತ್ತಾಳೆ ಎಂದು ಒಳಗೊಳಗೇ ಬೀಗಿದೆ. ಲೈಟು ಹತ್ತಿತು. ನೋಡಿದರೆ ನನ್ನ ತೋಳಲ್ಲಿದ್ದದ್ದು ಬೆಳ್ಳಿ ಉಡಿದಾರದ ಗಂಡುಕೂಸು!

ಎದುರಿಗೆ ದರ್ಜಿಯವರ ಮನೆಯ ಗಂಗಮ್ಮ ಬಾಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳೂ ಮಾಗಳದವಳು, ಅದೇ ತಿಂಗಳು ಬಾಣಂತನ ಮುಗಿಸಿ ಬಂದವಳು. ನನ್ನ ಮಗಳು ತನ್ನ ಜೋಲಿಯಲ್ಲಿ ತಣ್ಣಗೆ ನಿದ್ದೆ ಮಾಡುತ್ತಿದ್ದಳು. ಮಾಬಮ್ಮ ನಮ್ಮಿಬ್ಬರನ್ನೂ ನೋಡಿದಳು, ಕೂಸನ್ನು ನೋಡಿದಳು, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತ ನೆಲಕ್ಕೇ ಕುಳಿತಳು.

"ಅಯ್ಯ ಯವ್ವ, ಇಬ್ರು ಅದೀರಿ ಅಂಬೋದು ಮರತೇಬಿಟ್ಟೆ. ಕುಡಿದಿದ್ದು ಕುಡದಾತು. ನಿಮ್ಮತ್ತಿ ಮುಂದ ನಾ ಹೇಳಂಗಿಲ್ಲ, ನೀನೂ ಬಾಯಿ ಬಿಡಬ್ಯಾಡ."

ಹೇಳಲೂ ಇಲ್ಲ. ಮುಂದಿನ ವಾರದಿಂದ ನಾನು ಹಳೇ ಮಾಗಳ, ಗಂಗಮ್ಮ ಹೊಸ ಮಾಗಳ. ಅಷ್ಟೇ.

ದೊಡ್ಡ ಸಾವ್ಕಾರರು ತೀರಿಕೊಂಡ ಮೇಲೆ ಟಾಕೀಸು ಮಗನ ಕೈಗೆ ಬಂತು. ಸಣ್ಣ ಸಾವ್ಕಾರ ದಾವಣಗೆರೆಯಲ್ಲಿ ಓದಿದವನು. ಅಲ್ಲಿಯ ಥಿಯೇಟರುಗಳಲ್ಲಿ ಇಂಥ ಗೋಡೆ ಇಲ್ಲವಂತೆ, ಜೋಲಿ ಇಲ್ಲವಂತೆ. "ಇದೇನು ಟಾಕೀಸೋ, ಹೆರಿಗಿ ಆಸ್ಪತ್ರಿಯೋ?" ಎಂದು ನಗಾಡಿದನಂತೆ. ಒಂದು ವಾರ ಬಂದ್ ಮಾಡಿ ಗೋಡೆ ಒಡೆಸಿದ, ಬೆಂಚು ತೆಗೆಸಿದ, ಸಾಲುಸಾಲು ಕುರ್ಚಿ ಹಾಕಿಸಿದ. ಹೆಂಗಸರ ಗೇಟಿಗೆ ಇಟ್ಟಿಗೆ ಕಟ್ಟಿಸಿದ. ಮಾಬಮ್ಮನಿಗೆ ನಾಳೆಯಿಂದ ಬರಬೇಡ ಎಂದ. ಹಿಂದಿನ ನಾಲ್ಕು ಸಾಲಿಗೆ 'ಫ್ಯಾಮಿಲಿ' ಎಂದು ಬಣ್ಣದಲ್ಲಿ ಬರೆಸಿದ. ಗಂಡನ ಜೊತೆ ಬಂದರೆ ಫ್ಯಾಮಿಲಿ. ಅತ್ತೆ, ಸೊಸೆ, ಬಗಲಲ್ಲಿ ಕೂಸು, ಇದು ಯಾವ ಲೆಕ್ಕಕ್ಕೂ ಇಲ್ಲ! ನಮ್ಮ ಮನೆಯವರು ಗೊಬ್ಬರದ ಅಂಗಡಿಯಲ್ಲಿ ಕೂರುವವರು. ಮಧ್ಯಾಹ್ನ ಎರಡೂವರೆಗೆ ಅಂಗಡಿ ಬಿಟ್ಟು ನನ್ನ ಜೊತೆ ಸಿನಿಮಾಕ್ಕೆ ಬರುತ್ತಾರೆಯೇ? ಯಾರ ಗಂಡ ಬರುತ್ತಿದ್ದ?

ಆದರೂ ಒಂದು ಸಲ ಅತ್ತೆಯ ಜೊತೆ ಹೋದೆ. ದೊಡ್ಡ ಬೀದಿಯಲ್ಲೇ ಹೋಗಬೇಕು, ಬೀಡಿ ಅಂಗಡಿಯ ಮುಂದೆಯೇ ಸಾಲು ನಿಲ್ಲಬೇಕು. ಒಳಗೆ ಕೂತು ಅರ್ಧ ತಾಸಾಗಿಲ್ಲ, ಹಿಂದಿನ ಕುರ್ಚಿಯ ಸಂದಿಯಿಂದ ಒಂದು ಕಾಲು ಬಂದು ನನ್ನ ಬೆನ್ನಿಗೆ ತಾಗಿತು. ಸರಿದು ಕೂತೆ. ಕಾಲೂ ಸರಿಯಿತು. ತಿರುಗಿ ನೋಡಿದೆ. ಪರಿಚಯದ ಮುಖವೇ! ಎಷ್ಟು ಭಕ್ತಿಯಿಂದ ತೆರೆ ನೋಡುತ್ತಿದ್ದ ಅಂತೀರಿ! ಯಾರೆಂದು ಹೇಳುವುದಿಲ್ಲ. ಈಗಲೂ ಎದುರಿಗೆ ಸಿಕ್ಕರೆ "ಆರಾಮ ಅದೀರೇನ್ರಿ" ಎನ್ನುತ್ತಾನೆ. ಇಂಟರ್‌ವಲ್ಲಿಗೂ ಕಾಯದೆ ಅತ್ತೆಯ ಕೈ ಹಿಡಿದುಕೊಂಡು ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಗಂಗಮ್ಮನೂ ಹೋಗಲಿಲ್ಲ, ಅರಸೀಕೆರೆಯವಳೂ ಹೋಗಲಿಲ್ಲ. ಖಾಲಿ ಕುರ್ಚಿ ತುಂಬಲು ಸಣ್ಣ ಸಾವ್ಕಾರ ಹೇಳಿಕೊಳ್ಳಲಾಗದ ಸಿನಿಮಾ ತಂದ. ಆ ಪೋಸ್ಟರುಗಳ ಮುಂದೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ನಾವು ಅವರ ಮುಖ ತಿರುಗಿಸುತ್ತಿದ್ದೆವು. ಎರಡು ಸಾವಿರ ಇಸವಿ ದಾಟಿ ಒಂದೆರಡು ವರ್ಷಕ್ಕೆ ಬೀಗ ಬಿತ್ತು. ಈಗ ಅಲ್ಲಿ ಮೆಕ್ಕೆಜೋಳದ ಚೀಲ ಒಟ್ಟುತ್ತಾರೆ. ಗೇಟು ಮುಚ್ಚಿದವನು ಅವನು, ಕಾಲು ಚಾಚಿದವನು ಇನ್ನೊಬ್ಬ. ಸಂಚಿಕೆಯಲ್ಲಿ ಅಚ್ಚಾಗುವ ತಪ್ಪು ಮಾತ್ರ ನಮ್ಮದು.

ಇಷ್ಟನ್ನೂ ವೀರೇಶನಿಗೆ ಹೇಳಿದೆ. ಕಾಲಿನ ಸಂಗತಿ ಬಿಟ್ಟಿದ್ದೆ, ಆಮೇಲೆ ಅದನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಕೆಟ್ಟವನಲ್ಲ ಅವನು. ಆಮೇಲೆ ಮೆಲ್ಲಗೆ ಕೇಳಿದ:

"ಹಂಗಾದ್ರ ಅತ್ತಿಗಿ, ಗ್ವಾಡಿ ಒಡೆಯುವಾಗ ನೀವ್ಯಾರೂ ಯಾಕ ಕೇಳಲಿಲ್ಲ?"

ಸಿಟ್ಟು ಎನ್ನುವುದು ವಿಚಿತ್ರ. ಅಷ್ಟು ಹೊತ್ತು ಹೊರಗೆ ಉರಿಯುತ್ತಿದ್ದದ್ದು ಒಮ್ಮೆಲೇ ಒಳಗೆ ತಿರುಗಿತು.

ಕೇಳಿದವಳು ಒಬ್ಬಳಿದ್ದಳು. ಗೋಡೆ ಒಡೆಯುವ ಹಿಂದಿನ ದಿನ ಮಾಬಮ್ಮ ಮನೆಮನೆಗೆ ಬಂದಳು. ನಮ್ಮ ಮನೆಗೆ ಬಂದಾಗ ಒಳಗೂ ಬರಲಿಲ್ಲ, ಕಟ್ಟೆಯ ಮೇಲೆ ಕುಳಿತು ಹೇಳಿದಳು: "ನಾಳಿ ಹತ್ತು ಗಂಟೆಕ ಕೆಲಸದವರು ಬರ್ತಾರ. ಹತ್ತು ಮಂದಿ ಬಂದು ನಮ್ಮ ಗೇಟಿನ ಮುಂದ ನಿಂದರ್ರಿ, ಸಾಕು. ಮಾತಾಡೋದು ನಾ ಮಾತಾಡ್ತೀನಿ. ನೀವು ಬರೇ ನಿಂದರ್ರಿ."

"ಬರ್ತೀನಿ" ಎಂದೆ. ಗಂಗಮ್ಮನೂ ಹಾಗೇ ಅಂದಿದ್ದಳಂತೆ. ಎಲ್ಲರೂ ಅಂದಿದ್ದರಂತೆ.

ಮರುದಿನ ಹತ್ತು ಗಂಟೆಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಸಂದಿಯ ಕಡೆಯಿಂದ ಹಾರೆಯ ಸದ್ದು ಕೇಳಿತು. ಅತ್ತೆಯನ್ನು ದೂರಬಹುದಿತ್ತು, ಆದರೆ ಅವರೇ ಅಡುಗೆಮನೆಯ ಬಾಗಿಲಿಗೆ ಬಂದು, "ಹೋಗ್ತಿದ್ರ ಹೋಗು, ರೊಟ್ಟಿ ನಾ ಬಡೀತೀನಿ" ಎಂದರು. ನಾನು ಏಳಲಿಲ್ಲ. ಸಿನಿಮಾ ನೋಡುವ ಚಟಕ್ಕೆ ಬೀದಿಯಲ್ಲಿ ಜಗಳಕ್ಕೆ ನಿಂತಳು ಎಂದು ಮಂದಿ ಅಂದಾರು ಎನ್ನುವ ಹೆದರಿಕೆ. ಬೇಕಾಗಿದ್ದಕ್ಕಿಂತ ಹತ್ತು ರೊಟ್ಟಿ ಹೆಚ್ಚೇ ಬಡಿದೆ. ಹಾರೆಯ ಸದ್ದು ಕೇಳಬಾರದೆಂದು ಜೋರಾಗಿ ಬಡಿದೆ. ಮಾಬಮ್ಮ ಒಬ್ಬಳೇ ಮಧ್ಯಾಹ್ನದ ತನಕ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದಳಂತೆ. ಇಟ್ಟಿಗೆ ಕಟ್ಟುವವರು ಅವಳು ಸರಿಯುವ ತನಕ ಕಾದು, ಆಮೇಲೆ ಕಟ್ಟಿದರಂತೆ.

ಎಂಟು ದಿನ ಬಿಟ್ಟು ಸಂತೆಯಲ್ಲಿ ಸಿಕ್ಕಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. "ಅವತ್ತು ಮೈಯಾಗ ಆರಾಮ ಇರಲಿಲ್ಲೇನವ್ವ?" ಎಂದು ಕೇಳಿದಳು. ನೆಪವನ್ನೂ ಅವಳೇ ಹುಡುಕಿ ತಂದಿದ್ದಳು! ನಾನು ನಾಚಿಕೆಯಿಲ್ಲದೆ "ಹೂಂ" ಎಂದು ತೆಗೆದುಕೊಂಡೆ. ಆಮೇಲೆ ಅವಳು ಹಗರಿಬೊಮ್ಮನಹಳ್ಳಿಗೆ ಮಗಳ ಮನೆಗೆ ಹೊರಟುಹೋದಳು. ಮತ್ತೆ ಕಾಣಲಿಲ್ಲ.

ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಆಡಿರಲಿಲ್ಲ. ವೀರೇಶ ಬಾಯಿ ತೆರೆದು ಕೇಳುತ್ತಿದ್ದ. ಅಲ್ಲೇ ಮೂಲೆಯಲ್ಲಿ ಪೇಪರು ಓದುತ್ತ ಕೂತಿದ್ದ ನಮ್ಮ ಮನೆಯವರು ಅದನ್ನು ಕೆಳಗಿಟ್ಟಿದ್ದರು.

"ಆ ಸಾಲು ಹೊಡೆದುಹಾಕು" ಎಂದೆ. "ಗೇಟು ಮುಚ್ಚಿದ್ದಕ್ಕ ಹೆಂಗಸರು ಹೋಗೋದು ಬಿಟ್ರು ಅಂತ ಬರಿ. ಮಾಬಮ್ಮ ಒಬ್ಬಾಕಿನ ನಿಂತಿದ್ಲು ಅಂತ ಬರಿ. ಕರೆದ್ರೂ ನಾವು ಹೋಗಲಿಲ್ಲ ಅಂತನೂ ಬರಿ. ನನ್ ಹೆಸರು ಮೊದಲು ಹಾಕು."

"ಮನಿತನದ ಹೆಸರು ಅತ್ತಿಗಿ... ಮಂದಿ ಏನಂದಾರು?" ಎಂದು ಅಣ್ಣನ ಮುಖ ನೋಡಿದ.

"ನನ್ನೇನು ನೋಡ್ತಿ? ಹೇಳಾಕತ್ತಾಕಿ ಆಕಿ" ಎಂದರು ಅವರು.

ಅವನು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದ. ಓದು ಎಂದೆ. 'ಅನಿವಾರ್ಯ ಕಾರಣಗಳಿಂದ ಅಂದು ಮಹಿಳೆಯರು ಉಪಸ್ಥಿತರಾಗಲಿಲ್ಲ' ಎಂದು ಓದಿದ.

"ಅನಿವಾರ್ಯ ಕಾರಣ ಏನಿತ್ತಪ್ಪ?" ಎಂದೆ. "ರೊಟ್ಟಿ ಬಡೀತಾ ಕುಂತಿದ್ದೆ. ಅದನ್ನ ಬರಿ."