ಹಳೆಯ ಫ್ರೇಮಿಗೆ ಹೊಸ ಗಾಜು

ಬೆಳ್ತಂಗಡಿಯಿಂದ ಸಂಜೆ ನಾಲ್ಕು ನಲವತ್ತಕ್ಕೆ ಬಂಟ್ವಾಳಕ್ಕೆ ಹೊರಡುವ ಬಸ್ಸಿನ ಡ್ರೈವರಿಗೆ ಸೂರ್ಯ ಯಾವಾಗಲೂ ಎದುರು. ಚಳಿಗಾಲದಲ್ಲಂತೂ ಮಡಂತ್ಯಾರು ಬರುವಷ್ಟರಲ್ಲಿ ಬಿಸಿಲು ಓರೆಯಾಗಿ ನೇರ ಮುಖಕ್ಕೇ ಹೊಡೆಯುತ್ತದೆ. ಶೀನಪ್ಪ ಆ ಬಿಸಿಲಿಗೆ ಮುಖ ಕೊಟ್ಟು ಇಪ್ಪತ್ತಾರು ವರ್ಷವಾಯಿತು. ಹನ್ನೊಂದು ವರ್ಷದ ಹಿಂದೆ ಭಾವ ಮಸ್ಕತ್ತಿನಿಂದ ತಂದುಕೊಟ್ಟ ಕೂಲಿಂಗ್ ಗ್ಲಾಸೇ ಅವನಿಗೆ ನೆರಳು.

ನವೆಂಬರಿನ ಒಂದು ಸಂಜೆ ಆ ನೆರಳು ಕೈಕೊಟ್ಟಿತು. ತಿರುವಿನಲ್ಲಿ ಎದುರಿಗೆ ಬರೀ ಬಿಳಿ. ಮಡಂತ್ಯಾರಿನಲ್ಲಿ ಟೈಲರಿಂಗ್ ಮಾಡುವ ಝೈನಬಕ್ಕ ದಿನವೂ ನಿಲ್ಲುವ ಜಾಗದಲ್ಲೇ ಕೊಡೆ ಹಿಡಿದು ನಿಂತಿದ್ದಳು. ಬಸ್ಸಿನ ಕನ್ನಡಿ ಆ ಕೊಡೆಯನ್ನು ಸವರಿಕೊಂಡೇ ಮುಂದೆ ಹೋಯಿತು. ಕಂಡಕ್ಟರ್ ಚನಿಯಪ್ಪ ಸೀಟಿ ಊದಿದ ಮೇಲಷ್ಟೇ ಶೀನಪ್ಪನಿಗೆ ಗೊತ್ತಾದದ್ದು. ಬಸ್ಸು ನಿಂತ ಮೇಲೆ ಝೈನಬಕ್ಕ ಕೊಡೆ ಮಡಚಿ ಹತ್ತಿದಳು. ಮರುದಿನ ಮೆಟ್ಟಿಲ ಮೇಲೆ ಕಾಲಿಟ್ಟವಳೇ, "ನಾನು ನಿನ್ನೆ ನಿಂತದ್ದು ಊರಿಗೆ ಹೋಗ್ಲಿಕ್ಕೆ ಡ್ರೈವರ್ರೇ, ಮೇಲೆ ಹೋಗ್ಲಿಕ್ಕೆ ಅಲ್ಲ" ಅಂದಳು. ಇಡೀ ಬಸ್ಸು ನಕ್ಕಿತು. ಶೀನಪ್ಪನೂ ನಕ್ಕ. ಅಂದಿನಿಂದ ಅವನಿಗೆ ಊಟ ಸೇರಲಿಲ್ಲ.

ಗಾಜು ಗೀರಿ ಗೀರಿ ಮಂಜಾಗಿದ್ದದ್ದು ನಿಜ. ಆದರೆ ತಪ್ಪು ಗಾಜಿನದೋ, ಕಣ್ಣಿನದೋ? ವಯಸ್ಸು ಐವತ್ತೆರಡು. ಬರುವ ಮಾರ್ಚಿಗೆ ಲೈಸನ್ಸ್ ನವೀಕರಿಸಬೇಕು, ಅದಕ್ಕೆ ಕಣ್ಣಿನ ಪರೀಕ್ಷೆ ಆಗಬೇಕು. ಕಣ್ಣು ಹೋದ ಡ್ರೈವರನನ್ನು ಯಾವ ಧಣಿ ಇಟ್ಟುಕೊಳ್ಳುತ್ತಾನೆ? ಡಾಕ್ಟರರ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಅವರು ಒಮ್ಮೆ ಹೇಳಿದ ಮೇಲೆ ಕೇಳಿಲ್ಲವೆಂದು ಇರಲಾಗುವುದಿಲ್ಲ. ಹೊಸ ಗ್ಲಾಸು ತೆಗೆದುಕೊಳ್ಳುವುದಕ್ಕೇನು ಎಂದ ಚನಿಯಪ್ಪ, ತನ್ನದನ್ನೇ ಒಂದು ದಿನ ಕೊಟ್ಟು ನೋಡಿದ. ಶೀನಪ್ಪನ ಎಡಗಿವಿ ತುಸು ಕೆಳಗೆ. ಗ್ಲಾಸು ಓರೆಯಾಗಿ ಜಾರಿ, ರಸ್ತೆಯ ಹಂಪುಗಳೆಲ್ಲ ತೇಲಿದಂತೆ ಕಂಡವು. ಆಗ ಅವನು ತನ್ನೊಳಗೇ ಒಂದು ತೀರ್ಮಾನ ಮಾಡಿಕೊಂಡ. ಅದೇ ಫ್ರೇಮು, ಅದೇ ರಸ್ತೆ, ಅದೇ ಟ್ರಿಪ್ಪು ಇರಲಿ. ಗಾಜು ಮಾತ್ರ ಬದಲಾಗಲಿ. ಆಗ ಸತ್ಯ ತಾನಾಗಿ ತಿಳಿಯುತ್ತದೆ.

ರಜೆಯ ಗುರುವಾರ ಮೂಡುಬಿದಿರೆಗೆ ಹೋದ. ಕನ್ನಡಕದ ಅಂಗಡಿಯ ಮಹಾವೀರ ಜೈನರು ಹಿಂದೆ ಇದೇ ಫ್ರೇಮನ್ನು ಅವನ ಕಿವಿಗೆ ತಕ್ಕಂತೆ ಬಗ್ಗಿಸಿ ಕೊಟ್ಟವರು. ವ್ಯಾಪಾರ ಮಗನಿಗೆ ಬಿಟ್ಟರೂ ಗಾಜು ತೇಯುವ ಕಲ್ಲಿನ ಮುಂದೆ ಇವತ್ತಿಗೂ ಅವರೇ. ಫ್ರೇಮನ್ನು ತಿರುಗಿಸಿ ನೋಡಿ, ಇದು ಬಿಸಿಲಿಗೆ ಒಣಗಿಹೋಗಿದೆ, ಗಾಜು ಒತ್ತುವಾಗ ಮುರಿದರೆ ನನ್ನನ್ನು ಕೇಳಬಾರದು, ಹೊಸತೇ ಒಳ್ಳೆಯದು ಎಂದರು.

"ಮುರಿದರೆ ಮುರೀಲಿ ಧಣಿ. ಗಾಜು ಮಾತ್ರ ಬದಲಾಗ್ಬೇಕು, ಬೇರೆ ಎಂತದೂ ಬೇಡ."

ಅವರು ಹಳೆಯ ಗಾಜನ್ನು ದೀಪಕ್ಕೆ ಹಿಡಿದು, ಯಾವುದರಲ್ಲಿ ಒರೆಸುತ್ತಿ ಎಂದು ಕೇಳಿದರು. ಗ್ಲಾಸನ್ನು ಸುತ್ತಿ ತಂದಿದ್ದ ಬಟ್ಟೆಯನ್ನೇ ಶೀನಪ್ಪ ತೋರಿಸಿದ. ಮಹಾವೀರರು ಅದನ್ನು ಮೂಸಿ ಮುಖ ಕಿವುಚಿದರು. ಹೊಗೆಸೊಪ್ಪಿನ ವಾಸನೆ. ಮಳೆಗಾಲದಲ್ಲಿ ವೈಪರ್ ಸೋತಾಗ ಹೊಗೆಸೊಪ್ಪಿನ ಹುಡಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಬಸ್ಸಿನ ಗಾಜಿಗೆ ಉಜ್ಜಿದರೆ ನೀರು ನಿಲ್ಲದೆ ಇಳಿದುಹೋಗುತ್ತದೆ. ಹೆಂಡತಿ ರಾಜೀವಿ ಬೀಡಿ ಕಟ್ಟುವವಳು, ಮನೆಯಲ್ಲಿ ಹುಡಿಗೆ ಬರವಿಲ್ಲ. ಮಳೆ ಹೋದರೂ ಬಟ್ಟೆ ಸ್ಟಿಯರಿಂಗಿನ ಪಕ್ಕದಲ್ಲೇ ಉಳಿಯಿತು, ರಸ್ತೆಯ ಧೂಳು ತಿಂದಿತು. ದಿನಾ ಟ್ರಿಪ್ಪಿನ ಮೊದಲು ಅವನು ಕಣ್ಣಿನ ಗಾಜನ್ನೂ ಅದರಲ್ಲೇ ಉಜ್ಜುತ್ತಿದ್ದ.

"ಬಸ್ಸಿಗೆ ಮದ್ದು ಆದದ್ದೆಲ್ಲ ಮೂಗಿನ ಮೇಲಿನದಕ್ಕೂ ಆಗ್ತದಾ ಮಾರಾಯ?" ಎಂದು ಅವರು ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕಿದರು.

ಕಂದು ಗಾಜನ್ನು ಹಳೆಯದರ ಅಳತೆಗೆ ತೇಯ್ದು, ಫ್ರೇಮನ್ನು ಬಿಸಿ ಮಾಡಿ, ಎರಡು ಹೆಬ್ಬೆರಳಿನಿಂದ ಒತ್ತಿದರು. ಟಕ್ಕೆಂದಿತು. ಶೀನಪ್ಪ ಕಣ್ಣು ಮುಚ್ಚಿದ. ಮುರಿದದ್ದಲ್ಲ, ಗಾಜು ಕೂತದ್ದು.

ಮರುದಿನ ಸಂಜೆ ಮಡಂತ್ಯಾರಿನ ತಿರುವಿನಲ್ಲಿ ಸೂರ್ಯ ಬಂದ. ರಸ್ತೆ ಕಂದಾಗಿ, ಇಡಿಯಾಗಿ ಮುಂದೆ ಬಿದ್ದಿತ್ತು. ದೂರದಿಂದಲೇ ಕೊಡೆ ಕಂಡಿತು, ಆಮೇಲೆ ಎತ್ತಿದ ಕೈ, ಕೈಯ ಬಳೆ. ಬಾಗಿಲು ಸರಿಯಾಗಿ ಝೈನಬಕ್ಕನ ಎದುರಿಗೇ ಬರುವಂತೆ ನಿಲ್ಲಿಸಿದ.

"ಇವತ್ತು ನಾನು ಕಂಡೆನಾ?"

"ಕಂಡ್ರಿ ಅಕ್ಕ."

ಹಾಗಾದರೆ ತಪ್ಪು ಗಾಜಿನದೇ. ಲೈಸನ್ಸಿಗೆ ಹೆದರಬೇಕಾಗಿಲ್ಲ. ಎದೆಯ ಭಾರ ಇಳಿದದ್ದು ಹೌದು, ಆದರೆ ಅದರ ಬೆನ್ನಿಗೇ ಇನ್ನೊಂದು ಬಂದು ಕೂತಿತು. ಕಣ್ಣೇ ಹೋಗಿದ್ದರೆ ಯಾರೂ ಏನೂ ಅನ್ನುವಂತಿಲ್ಲ, ಮಧ್ಯಾಹ್ನ ಊಟ ಮಾಡಿ ಜಗಲಿಯಲ್ಲಿ ಸುಮ್ಮನೆ ಮಲಗಬಹುದು ಎಂದು ಈ ದಿನಗಳಲ್ಲಿ ಒಂದೆರಡು ಸಲ ಅವನಿಗೆ ಅನಿಸಿತ್ತು. ರಾಜೀವಿಗೂ ಹೇಳಿರಲಿಲ್ಲ. ಇನ್ನು ಆ ಆಸೆಯೂ ಇಲ್ಲ. ಮಾರ್ಚಿನಲ್ಲಿ ಲೈಸನ್ಸ್ ಆದರೆ ಮತ್ತೆ ಐದು ವರ್ಷ ಸೂರ್ಯ ಎದುರು.

ಚನಿಯಪ್ಪ "ರೈಟ್" ಅಂದ. ಕೂತು ಕೂತು ಶೀನಪ್ಪನ ಸೊಂಟ ಹಿಡಿದಿತ್ತು. ಪುಂಜಾಲಕಟ್ಟೆಯ ಹತ್ತಿರ ಹೊಸ ಗಾಜಿನ ಮೇಲೆ ಧೂಳು ಕೂತಾಗ ಕೈ ತಾನಾಗಿ ಸ್ಟಿಯರಿಂಗಿನ ಪಕ್ಕಕ್ಕೆ ಹೋಯಿತು. ಬಟ್ಟೆ ಇರಲಿಲ್ಲ. ಶೀನಪ್ಪ ಗ್ಲಾಸು ತೆಗೆದು ಒಮ್ಮೆ ಊದಿದ, ಮತ್ತೆ ಹಾಕಿಕೊಂಡು ಗೇರು ಬದಲಿಸಿದ.