ಹಣ್ಣು ತಿಂದವಳ ಕೈಯ ಮಣ್ಣು

ಅನ್ನವ್ವನ ಜತೆ ವಾದಕ್ಕೆ ಇಳಿದು ಗೆದ್ದವರು ನಮ್ಮ ಕುಬಿಹಾಳದಲ್ಲಿ ಯಾರೂ ಇಲ್ಲ. ನಾನಂತೂ ಇಲ್ಲವೇ ಇಲ್ಲ. ನನ್ನ ಹೆಸರು ಕಸ್ತೂರೆವ್ವ, ಊರಿನ ಹಿಟ್ಟಿನ ಗಿರಣಿ ನನ್ನದು. ಆ ಗದ್ದಲದಲ್ಲಿ ದಿನವಿಡೀ ಕೂಗಿ ಕೂಗಿ ನನ್ನ ದನಿ ಜೋರಾಗಿದೆ. ಮಂದಿ ಜಗಳಗಂಟಿ ಅನ್ನುತ್ತಾರೆ, ಅನ್ನಲಿ, ನನ್ನ ಗಂಟೇನು ಹೋಗಬೇಕು? ಅನ್ನವ್ವ ಹಾಗಲ್ಲ, ದನಿ ಏರಿಸುವವಳೇ ಅಲ್ಲ. ಕಣ್ಣನ್ನು ಹಂಚಿನ ಮೇಲಿಟ್ಟುಕೊಂಡು, ರೊಟ್ಟಿ ಬಡಿಯುತ್ತಲೇ, ನಾಲ್ಕು ಮಾತಿನಲ್ಲಿ ಎದುರಿನವರ ಬಾಯಿ ಮುಚ್ಚಿಸುತ್ತಾಳೆ. ಆಮೇಲೆ "ಬಿಸಿ ಐತಿ, ತಿನ್ರಿ" ಎಂದು ಅವರ ಕೈಗೇ ಒಂದು ರೊಟ್ಟಿ ಕೊಡುತ್ತಾಳೆ.

ಹುಬ್ಬಳ್ಳಿಯ ಖಾನಾವಳಿಗಳಿಗೆ ರೊಟ್ಟಿ ಮಾಡಿ ಕಳಿಸುವುದು ಅವಳ ಉದ್ಯೋಗ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅವಳು, ಪಕ್ಕದ ಓಣಿಯ ತಬಸುಮ್, ಬಿಡುವಾದಾಗ ನಾನು. ಅನ್ನವ್ವನ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಬೈಬಲ್ಲಿನ ಕಥೆ. ಹೊಸಬರು ಕೇಳಿದರೆ ಗಾಬರಿಯಾಗುತ್ತಾರೆ. ಅದಕ್ಕೇ ಹಿಂದಿನದನ್ನು ಮೊದಲು ಹೇಳಿಬಿಡುತ್ತೇನೆ.

ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಚೊಚ್ಚಲ ಗಂಡುಕೂಸು ಹುಟ್ಟಿತು. ಸಂಜೆಯವರೆಗೂ ಉಳಿಯಲಿಲ್ಲ. ಗಂಡಸರು ಅದನ್ನು ಬುಟ್ಟಿಯಲ್ಲಿಟ್ಟು ಒಯ್ದು ಯಾವುದೋ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ನಮ್ಮೂರಲ್ಲಿ ಕೂಸಿನ ಕುಣಿಯ ಹತ್ತಿರ ಹಡೆದವಳು ಹೋಗುವಂತಿಲ್ಲ. ಕುಣಿ ನೋಡಿದರೆ ಮುಂದೆ ಮಡಿಲು ತುಂಬುವುದಿಲ್ಲ ಎಂದು ಹಿರಿಯರ ನಂಬಿಕೆ. ಎಲ್ಲಿ ಮಣ್ಣು ಮಾಡಿದಿರಿ ಎಂದು ಅವಳು ಕೇಳಿದಳು. ಅದನ್ನು ಕೇಳಬಾರದು ಎಂದರು. ಹೇಳಬಹುದಾಗಿದ್ದವರೆಲ್ಲ ಈಗ ತೀರಿಹೋಗಿದ್ದಾರೆ. ಇವತ್ತಿಗೂ ಅನ್ನವ್ವ ಯಾರದೇ ಹೊಲದ ಬದುವಿನ ಮೇಲೆ ನಡೆಯಲಿ, ಹೆಜ್ಜೆಯನ್ನು ಮೆಲ್ಲಗೆ ಇಡುತ್ತಾಳೆ. ಮಗಳು ಸೌಂದರ್ಯಾ ಹುಟ್ಟಿದ್ದು ಆಮೇಲೆ.

ಗಂಡ ತೀರಿಕೊಂಡ ಮೇಲೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹುಬ್ಬಳ್ಳಿಗೆ ಹೋದಳು. ಅಲ್ಲಿ ಹೆಣ್ಣುಮಕ್ಕಳ ಒಂದು ಮಿಶನ್ ಹಾಸ್ಟೆಲ್ಲಿನಲ್ಲಿ ಅಡುಗೆಗೆ ನಿಂತಳು. ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಮೃಣಾಲಿನಿ ಅಕ್ಕೋರು ಸಂಜೆಯ ಪ್ರಾರ್ಥನೆಗೆ ಹುಡುಗಿಯರನ್ನು ಕೂರಿಸಿ ಬೈಬಲ್ ಓದುತ್ತಿದ್ದರು. ಅನ್ನವ್ವ ಅಡುಗೆಮನೆಯ ಬಾಗಿಲಲ್ಲಿ ಕಾಯಿಪಲ್ಯ ಹೆಚ್ಚುತ್ತ ಕೇಳುತ್ತಿದ್ದಳು. ಯಾರೋ ಒಮ್ಮೆ, ನಮ್ಮವಳೇ ಆಗಿಬಿಡು ಎಂದಾಗ, "ನನ್ನ ಲಿಂಗ ನನ್ನ ಕೊರಳಾಗ ಇರಲಿ, ನಿಮ್ಮ ಕಥಿ ನನ್ನ ಕಿವ್ಯಾಗ ಇರಲಿ" ಅಂದಳಂತೆ. ಅಕ್ಕೋರು ನಕ್ಕುಬಿಟ್ಟರು, ಮತ್ತೆ ಯಾರೂ ಆ ಮಾತು ಎತ್ತದ ಹಾಗೆ ನೋಡಿಕೊಂಡರು.

ಊರಿಗೆ ಮರಳುವ ಮೊದಲು ಎಷ್ಟೋ ಕಥೆ ಕೇಳಿದಳು. ಆದರೆ ಅವಳು ಗಂಟುಬಿದ್ದದ್ದು ಮೊದಲನೆಯದಕ್ಕೆ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿ ತೋಟದಲ್ಲಿಟ್ಟ. ಒಂದು ಗಿಡದ ಹಣ್ಣು ಮಾತ್ರ ತಿನ್ನಬೇಡಿ, ತಿಂದ ದಿನ ಸಾಯುತ್ತೀರಿ ಎಂದ. ಹಾವಿನ ಮಾತು ಕೇಳಿ ಹವ್ವ ತಿಂದಳು, ಗಂಡ ಆದಾಮನಿಗೂ ಕೊಟ್ಟಳು. ಮಣ್ಣಿನಿಂದ ಬಂದವರು ಮಣ್ಣಿಗೇ ಹೋಗಿ ಎಂದು ದೇವರು ಇಬ್ಬರನ್ನೂ ತೋಟದಿಂದ ಹೊರಗೆ ಹಾಕಿದ. ಲೋಕಕ್ಕೆ ಸಾವು ಬಂದದ್ದು ಹೀಗೆ ಎನ್ನುತ್ತದೆ ಆ ಕಥೆ. ನಮ್ಮ ಅನ್ನವ್ವ ಇಷ್ಟಕ್ಕೆ ಬಿಡುವವಳೇ?

"ಮಣ್ಣಿಗೆ ಹೋಗ್ತಿ ಅನ್ನೂದು ಶಾಪ ಹೆಂಗ ಆಕ್ಕೈತ್ರಿ ಅಕ್ಕೋರ? ನಮ್ಮೂರಾಗ ಯಾರ ಸತ್ರೂ ಮಣ್ಣಿಗೆ ಹೋಗೂಣು ನಡೀರಿ ಅಂತೀವಿ. ಅಗದಿ ಮನಿ ಮಾತದು" ಎಂದು ಅಕ್ಕೋರನ್ನೇ ಕೇಳಿದ್ದಳಂತೆ. ತೋಟದಲ್ಲಿ ಇನ್ನೊಂದು ಗಿಡವಿತ್ತು, ಅದರ ಹಣ್ಣು ತಿಂದವರಿಗೆ ಸಾವೇ ಇಲ್ಲ. ದೇವರು ಅದಕ್ಕೆ ಕಾವಲು ಹಾಕಿದ. ಇದನ್ನು ಹೇಳುವಾಗ ಅನ್ನವ್ವನ ಮುಖ ಮೆತ್ತಗಾಗುತ್ತದೆ. "ನಮ್ಮತ್ತಿ ಹಾಸಿಗಿ ಹಿಡದು, ಬೆನ್ನ ಹುಣ್ಣಾಗಿ, ಒಯ್ಯೋ ಶಿವನ ಅಂತ ಒದರತಿದ್ಲು. ಆವಾಗ ನನಗ ಆ ಕಾವಲು ತಿಳೀತು ನೋಡು. ದೇವ್ರು ಸಿಟ್ಟಿಲೆ ಹಾಕಿದ್ದಲ್ಲ ಅದು. ನರಳೂದಕ್ಕ ಒಂದು ಕಡೀ ಇರಲಿ ಅಂತ ಹಾಕಿದ್ದು."

ಅವಳ ದೊಡ್ಡ ಪ್ರಶ್ನೆ ಬೇರೆಯೇ ಇತ್ತು. ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ಅದನ್ನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ತಿಂದ ದಿನಾನ ಸಾಯ್ತೀರಿ ಅಂದಿದ್ದ ದೇವ್ರು. ಸತ್ರೇನು? ಇಲ್ಲ. ಸಾವು ಅಂದ್ರ ಕರ್ರಗೈತೋ ಬೆಳ್ಳಗೈತೋ ಅವರಿಗೆ ಗೊತ್ತ ಇಲ್ಲ. ಆ ತನಕಾ ಸತ್ತವರ ಯಾರೂ ಇಲ್ಲ. ಇವತ್ತ ಬರ್ತೈತಿ, ನಾಳಿ ಬರ್ತೈತಿ ಅಂತ ಹಾದಿ ಕಾದಾರ. ಕಡೀಕ ಬಂತು, ಮಗನ ಮ್ಯಾಲ ಬಂತು. ಹೊಲದಾಗ ಅಣ್ಣ ತಮ್ಮನ್ನ ಕೊಂದ. ಹವ್ವಗ ಏನ ತಿಳೀಬೇಕು? ಮಲಗ್ಯಾನ ಅಂತ ಅಲಗ್ಯಾಡಿಸಿರಬೇಕು. ಬಾಯಾಗ ನೀರ ಹಾಕಿರಬೇಕು. ಆ ಹುಡುಗನ್ನ ಮಣ್ಣ ಮಾಡಿದವರ್ಯಾರು? ಮಣ್ಣ ಮಾಡಬೇಕು ಅಂತ ಅವರಿಗೆ ಹೇಳಿಕೊಟ್ಟವರ್ಯಾರು?"

ತಬಸುಮ್ ಹಿಟ್ಟು ನಾದುತ್ತಿದ್ದವಳು ತಲೆ ಎತ್ತಿದಳು. "ನಮ್ಮ ಮಂದ್ಯಾಗೂ ಈ ಕಥಿ ಐತ್ರಿ ಅನ್ನವ್ವಾರ. ಒಂದ ಕಾಗಿ ಬಂದು ಕಾಲಿಲೆ ನೆಲಾ ಕೆದರಿ ತೋರಸ್ತಂತ. ಅದನ್ನ ನೋಡಿ ಆ ಅಣ್ಣಾ ಕಲತ ಅಂತಾರ."

"ಕಾಗಿ ಕಲಿಸಿದ್ದು ಅಣ್ಣಗ. ಹಡದಾಕಿಗೆ?" ಎಂದಳು ಅನ್ನವ್ವ. "ಆಕಿ ಕುಣಿ ಕಡೆ ಹೋದ್ಲೋ ಇಲ್ಲೋ ಅಂತ ಯಾರೂ ಬರದಿಲ್ಲ. ನನ್ನ ಕೇಳಿದ್ರ, ಹೋಗಿರಬೇಕು. ಬರಬಾರದು ಅನ್ನಾಕ ಆವಾಗ ಅಲ್ಲಿ ಹಿರಿಯರು ಯಾರಿದ್ರು?" ತಬಸುಮ್ ನಕ್ಕಳು, ನಾನೂ ನಕ್ಕೆ. ಅನ್ನವ್ವ ನಗಲಿಲ್ಲ, ರೊಟ್ಟಿ ತಿರುವಿ ಹಾಕಿದಳು.

ಹೋದ ವರ್ಷ ಬಿಳಿಜೋಳದ ಸುಗ್ಗಿಯಲ್ಲಿ ಸೌಂದರ್ಯಾಳಿಗೆ ದಿನ ತುಂಬುತ್ತ ಬಂದಿತ್ತು. ಅಜ್ಜಿಯಾಗುತ್ತೀ ಎಂದು ನಾವೆಲ್ಲ ಅನ್ನವ್ವನನ್ನು ಆಗಲೇ 'ಆಯಿ' ಎಂದು ಕರೆದು ಚೇಷ್ಟೆ ಮಾಡುತ್ತಿದ್ದೆವು. ಅವಳನ್ನು ಕೊಟ್ಟದ್ದು ಊರಲ್ಲೇ, ಸಂಗನಬಸವಣ್ಣನ ಮಗ ಸಿದ್ಧಾರೂಢನಿಗೆ. ಒಳ್ಳೆಯ ಹುಡುಗ, ಮೈಮುರಿದು ದುಡಿಯುತ್ತಾನೆ. ಆದರೆ ಅಪ್ಪನ ಎದುರು ಅವನ ನಾಲಿಗೆ ಹೊರಳುವುದಿಲ್ಲ. ಒಂದು ದಿನ ಹೊಟ್ಟೆಯಲ್ಲಿ ಕೂಸು ಮಿಸುಕಾಡುವುದು ನಿಂತಿತು. ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಮರುದಿನ ಬೆಳಗಾಗುವುದರೊಳಗೆ ಹೆರಿಗೆಯಾಯಿತು. ಹೆಣ್ಣುಕೂಸು, ಉಸಿರಿರಲಿಲ್ಲ. ಹೊಕ್ಕಳಬಳ್ಳಿ ಕೊರಳಿಗೆ ಬಿಗಿದುಕೊಂಡಿತ್ತು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಡಾಕ್ಟರಬಾಯಿ ಬಿಡಿಸಿ ಹೇಳಿದರು.

ಯಾರು ಕೇಳಬೇಕು? ನಾನು ಚಹಾದ ಥರ್ಮಾಸ್ ಹಿಡಿದುಕೊಂಡು ಬಸ್ ಹತ್ತುವ ಮೊದಲೇ ಓಣಿಯಲ್ಲಿ ನ್ಯಾಯ ತೀರಿಹೋಗಿತ್ತು. ಪಪ್ಪಾಯಿ ತಿಂದಳಂತೆ! ಬಸುರಿ ಪಪ್ಪಾಯಿ ತಿಂದರೆ ಕೂಸು ಉಳಿದೀತೇ? ಅಂಗಳದಲ್ಲಿ ಕೂತು ತಿನ್ನುತ್ತಿದ್ದುದನ್ನು ಯಾರೋ ಕಂಡಿದ್ದರಂತೆ. ಆ ಮಾತು ನನಗಿಂತ ಮುಂಚೆ ಹುಬ್ಬಳ್ಳಿ ಮುಟ್ಟಿತ್ತು. ಈ ಫೋನಿಗಿಷ್ಟು ಬೆಂಕಿ ಹಾಕಲಿ.

ಸೌಂದರ್ಯಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ನಾ ತಿಂದದ್ದಕ್ಕ ಆತೇನ ಬೇ?" ಎಂದು ತಾಯಿಯನ್ನು ಕೇಳಿದಳು.

"ಇಲ್ಲವ್ವಾ. ಡಾಕ್ಟರ ಹೇಳಿದ್ದು ಕೇಳಲಿಲ್ಲೇನು?"

"ನನಗ ಕೂಸಿನ ಮಾರಿ ತೋರಿಸಿಲ್ಲ ಯಾರೂ. ನಾ ನೋಡಬೇಕು."

"ನೋಡ್ತಿ. ಮಣ್ಣೂ ನೀನ ಕೊಡ್ತಿ. ನಾ ಅದೀನಿ" ಎಂದು ಅನ್ನವ್ವ ಎದ್ದಳು. ನಾನು ಅವಳ ಹಿಂದೆ ಹೊರಗೆ ಬಂದೆ.

ಹೊರಗೆ ಸಂಗನಬಸವಣ್ಣ ಹೊರಡುವ ತಯಾರಿಯಲ್ಲಿದ್ದ. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸು ಸಿದ್ಧಾರೂಢನ ತೋಳಿನಲ್ಲಿತ್ತು. "ನಾವು ಊರಿಗೆ ಒಯ್ದು ಲಗೂನ ಮಣ್ಣ ಮಾಡಿಬಿಡ್ತೀವಿ. ನೀ ಮಗಳ ಹಂತ್ಯಾಕ ಇರವ್ವಾ" ಎಂದ ಸಂಗನಬಸವಣ್ಣ.

ಅನ್ನವ್ವ ಹಾದಿಗೆ ಅಡ್ಡ ನಿಂತಳು. "ಕೂಸು ಈಗ ಎಲ್ಲಿಗೂ ಹೋಗೂದಿಲ್ರಿ ಬೀಗ್ರ. ಸಂಜಿಕ ಸೌಂದರ್ಯಾನ ಬಿಡ್ತಾರ. ಆಕಿ ಬರ್ತಾಳ, ಆಕಿನ ಮಣ್ಣ ಕೊಡ್ತಾಳ."

"ಹುಚ್ಚ ಹಿಡೀತೇನು ನಿನಗ? ಹಡದಾಕಿ ಕುಣಿ ನೋಡಬಾರದು. ಅದನ್ನ ಒಂದ ಸಲ ನೋಡಿದ್ರ ಜನ್ಮದಾಗ ಮರಿಯೂದಿಲ್ಲ."

"ನಾ ನೋಡಿಲ್ಲ. ಮರತೀನೇನ್ರಿ?"

ಸಂಗನಬಸವಣ್ಣ ಕೆಟ್ಟ ಮನುಷ್ಯನಲ್ಲ. ಆ ಮಾತಿಗೆ ಅವನ ತಲೆ ತಗ್ಗಿತು. ಆದರೆ ಊರ ಮುಂದೆ ತಾನು ಹೇಳಿದ್ದು ನಡೆಯಬೇಕೆನ್ನುವ ಹಟ ಇದೆಯಲ್ಲ, ಅದು ಅವನನ್ನು ಬಿಡಲಿಲ್ಲ. "ಹಸೀ ಬಾಣಂತಿ. ಸೂತಕ ಅನ್ನೂದು ಒಂದ ಇಲ್ಲೇನು?" ಎಂದ.

"ಲಿಂಗ ಕಟ್ಟಿದವರಿಗೆ ಸೂತಕ ಇಲ್ಲ ಅಂತ ಮಠದಾಗ ಕುಂತು ಹೇಳಾವರು ನೀವ ಅಲ್ರಿ?"

ಶಭಾಷ್ ಅನ್ನಬೇಕೆಂದು ಬಾಯಿ ತೆರೆದೆ, ತಡೆದುಕೊಂಡೆ. ಸಂಗನಬಸವಣ್ಣನ ಸಿಟ್ಟು ನೆತ್ತಿಗೇರಿತು. "ಹಣ್ಣ ತಿನ್ನೂವಾಗ ಬುದ್ಧಿ ಎಲ್ಲಿ ಹೋಗಿತ್ತು ನಿನ್ನ ಮಗಳಿಗೆ? ತಿಂದು ಕೂಸಿನ್ನ ಕೊಂದು, ಈಗ ಬಂದು ಮಣ್ಣ ಕೊಡ್ತಾಳಂತ!"

ವಾರ್ಡಿನ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಒಂದು ಬಿಕ್ಕು ಕೇಳಿತು. ನನ್ನ ಮೈಯೆಲ್ಲ ಉರಿದುಹೋಯಿತು, ಥರ್ಮಾಸ್ ಎತ್ತಿ ಅವನ ತಲೆಗೆ ಹಾಕಿಬಿಡುತ್ತಿದ್ದೆನೋ ಏನೋ. ಅನ್ನವ್ವ ನನ್ನ ಕೈ ಹಿಡಿದುಕೊಂಡಳು. ದನಿ ಏರಿಸದೆ ಅವನ ಕಡೆ ತಿರುಗಿದಳು.

"ಈ ಕಥಿ ನಾ ಬಲ್ಲೆ ಬೀಗ್ರ. ಒಂದ ಹೆಣ್ಣು ಒಂದ ಹಣ್ಣ ತಿಂದ್ಲು, ಅದಕ್ಕ ಸಾವು ಬಂತು. ಭಾಳ ಹಳೇ ಕಥಿ. ಆದ್ರ ಅದರಾಗಿನ ಒಂದ ಮಾತ ಎಲ್ಲಾರೂ ನುಂಗಿಬಿಡ್ತಾರ. ಹಣ್ಣ ಗಂಡನೂ ತಿಂದಿದ್ದ, ಆಕಿ ಬಾಜೂಕ ನಿಂತು. ದೇವ್ರು ಬಂದು ಕೇಳಿದಾಗ ಅಂವ ಹೆಂಡತಿ ಕಡೆ ಬೆರಳ ಮಾಡಿದ. ತಪ್ಪು ಅಂದ್ರ ಇಬ್ಬರದೂ ತಪ್ಪು ಅಂತ ಅಂವ ಒಂದ ಮಾತ ಹೇಳಿದ್ರ, ಇವತ್ತಿನ ತನಕಾ ಆಕಿ ಒಬ್ಬಾಕಿನ ಬೈಸಿಕೋತಿರಲಿಲ್ಲ. ದೇವ್ರರ ಅವರ ಕೈ ಬಿಟ್ಟನೇನು? ಹೊರಗ ಹಾಕೂವಾಗ ತನ್ನ ಕೈಲೆ ಅವರಿಗೆ ಅರಿವಿ ಮಾಡಿ ಉಡಿಸಿ ಕಳಿಸಿದ. ನಿಮಗೇನು ಆಕಿ ಮ್ಯಾಲ ದೇವ್ರಿಗಿಂತ ಹೆಚ್ಚಿನ ಸಿಟ್ಟೇನ್ರಿ?"

ಅವಳು ಹೇಳಿದ್ದು ಸಂಗನಬಸವಣ್ಣನಿಗೆ. ಬೇರೆ ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ, ಅವಳಿಗೆ ಗೊತ್ತೂ ಇರಲಿಲ್ಲ. ಆದರೆ ಗೋಡೆಗೆ ಒರಗಿ ನಿಂತಿದ್ದ ಸಿದ್ಧಾರೂಢ ಒಮ್ಮೆಲೇ ಬಾಯಿ ಬಿಟ್ಟ.

"ಅಪ್ಪಾ, ಆ ಹಣ್ಣ ತಂದಾಂವ ನಾನು."

"ಏನಂದಿ?"

"ಕುಂದಗೋಳ ಸಂತ್ಯಾಗ ತಂದಿದ್ದೆ. ಆಕಿಗೆ ಬಾಯಿರುಚಿ ಹೋಗಿತ್ತು. ಬ್ಯಾಡ, ಮಂದಿ ಬೈತಾರ ಅಂದ್ಲು ಆಕಿ. ನಾನ ಕೊಯ್ದು ಕೊಟ್ಟೆ. ಇಬ್ಬರೂ ಕೂಡಿ ತಿಂದ್ವಿ." ಅವನಿಗೆ ಅಳು ಬಂದಿತ್ತು, ಆದರೂ ನಿಲ್ಲಿಸಲಿಲ್ಲ. "ಹಣ್ಣಿನಿಂದ ಆಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಅಷ್ಟಾದ್ರೂ ಅನ್ನೂದ ಇದ್ರ, ನನ್ನನ್ನ ಅನ್ರಿ. ಕುಣಿ ನಾ ತೋಡ್ತೀನಿ. ಸೌಂದರ್ಯಾ ಬರ್ತಾಳ."

ಅಪ್ಪನನ್ನು ದಾಟಿಕೊಂಡು ಒಳಗೆ ಹೋದ. ಕೂಸನ್ನು ಹೆಂಡತಿಯ ಪಕ್ಕದಲ್ಲಿ ಮಲಗಿಸಿ, ಅವಳ ಕಾಲ ಹತ್ತಿರ ಕುಸಿದು ಕೂತ. ಸೌಂದರ್ಯಾ ಬಟ್ಟೆಯ ಮೇಲೆ ಕೈಯಿಟ್ಟಳು. ಸರಿಸುವ ಧೈರ್ಯ ಅವಳಿಗೆ ಆಗ ಬರಲಿಲ್ಲ. ಸಂಗನಬಸವಣ್ಣ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಸಂಜೆ ಬಾಡಿಗೆ ಕಾರಿನಲ್ಲಿ ಊರಿಗೆ ಬಂದೆವು. ಕಾರು ನೇರವಾಗಿ ಬೀಗರ ಹೊಲಕ್ಕೇ ಹೋಯಿತು. ಮುಂಚೆಯೇ ಬಂದಿದ್ದ ಸಿದ್ಧಾರೂಢ ಬದುವಿನ ಪಕ್ಕದಲ್ಲಿ ಕುಣಿ ತೋಡಿ ನಿಂತಿದ್ದ, ಮೊಳಕಾಲಿನವರೆಗೆ ಕರಿಮಣ್ಣು. ತಬಸುಮ್ ಬಂದಿದ್ದಳು. ನಾಲ್ಕಾರು ಗಂಡಸರೂ ಇದ್ದರು, ಬಾಣಂತಿ ಕಾರಿನಿಂದ ಇಳಿದದ್ದನ್ನು ಕಂಡು ಇಬ್ಬರು ಮುಖ ತಿರುಗಿಸಿ ಹೊರಟುಹೋದರು. ಹೋಗಲಿ, ಅವರಿಲ್ಲದೆ ಏನು ನಿಲ್ಲುತ್ತದೆ? ಸಂಗನಬಸವಣ್ಣ ಹೋಗಲಿಲ್ಲ. ಕೈಯಲ್ಲಿ ವಿಭೂತಿ ಗಟ್ಟಿ, ಒಂದಿಷ್ಟು ಬಿಲ್ವಪತ್ರೆ. ಅನ್ನವ್ವನ ಕಡೆ ನೋಡದೆ ಅವನ್ನು ಅವಳ ಕೈಗೆ ಕೊಟ್ಟ.

ಸೌಂದರ್ಯಾಳನ್ನು ನಾನೂ ತಬಸುಮ್ಮೂ ಹಿಡಿದುಕೊಂಡು ಕುಣಿಯ ಹತ್ತಿರ ಕೂರಿಸಿದೆವು. ಅವಳು ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡಳು. ಬಟ್ಟೆಯ ಅಂಚು ಹಿಡಿದು ತಾಯಿಯ ಮುಖ ನೋಡಿದಳು. ಅನ್ನವ್ವ ತಲೆಯಾಡಿಸಿದಳು. ಸೌಂದರ್ಯಾ ಬಟ್ಟೆ ಸರಿಸಿದಳು.

ಚೀರುತ್ತಾಳೆ, ಮೂರ್ಛೆ ಹೋಗುತ್ತಾಳೆ ಎಂದು ನಾನು ಅವಳ ಬೆನ್ನಿಗೆ ಕೈ ಕೊಟ್ಟು ಕೂತಿದ್ದೆ. ಅವಳು ಚೀರಲಿಲ್ಲ. ಬಗ್ಗಿ ಬಹಳ ಹೊತ್ತು ನೋಡಿದಳು. ಬೆರಳಿನಿಂದ ಹುಬ್ಬು ತೀಡಿದಳು, ಕೆನ್ನೆ ಮುಟ್ಟಿದಳು.

"ಯವ್ವಾ, ಮೂಗ ನೋಡ ಬೇ" ಎಂದಳು. "ಅಗದಿ ನಿಂದ ಐತಿ."

ಅನ್ನವ್ವ ಕುಣಿಯ ಅಂಚಿಗೆ ಬಂದು ಕೂತು ಕೂಸಿನ ಮೂಗು ನೋಡಿದಳು. ಸೌಂದರ್ಯಾ ಕೂಸಿನ ಹಣೆಗೆ ವಿಭೂತಿ ಹಚ್ಚಿದಳು. ಸಿದ್ಧಾರೂಢ ಕುಣಿಗಿಳಿದು ಎರಡೂ ಕೈ ಚಾಚಿದ, ಅವಳು ತಾನೇ ಎತ್ತಿ ಅವನ ಕೈ ಮೇಲಿಟ್ಟಳು. ಮೊದಲ ಹಿಡಿ ಮಣ್ಣು ಅವಳು ಕೊಟ್ಟಳು, ಆಮೇಲೆ ಗಂಡ, ಆಮೇಲೆ ಮಾವ, ತಬಸುಮ್, ನಾನು. ಅನ್ನವ್ವ ಮಾತ್ರ ಮುಷ್ಟಿಯೊಳಗೆ ಮಣ್ಣು ಹಿಡಿದುಕೊಂಡು ಕೂತೇ ಇದ್ದಳು, ಬಿಡಲು ಅವಳಿಂದ ಆಗಲಿಲ್ಲ. ಯಾರೋ ಹಿಂದಿನಿಂದ ಹೊತ್ತಾಯಿತು ಅಂದರು.

ಸೌಂದರ್ಯಾ ನೆಲಕ್ಕೆ ಕೈಯೂರಿ ತಾಯಿಯ ಹತ್ತಿರ ಸರಿದಳು. ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕುಣಿಯ ಮೇಲೆ ತಂದಳು.

"ಕೊಡ ಬೇ" ಎಂದಳು. "ನೀ ಇಕಿ ಆಯಿ ಅಲ್ಲೇನು?"